ಬೇಲಿ ಹೋದ ಕಡೆ ಕುರಿ

ಐಮಂಗಲದ ಹತ್ತಿರ ಹೆದ್ದಾರಿಗೆ ತಾಗಿಕೊಂಡು ಎಂಬತ್ತು ಎಕರೆ ಕಾವಲಿತ್ತು, ಕುರಿ ಮೇಯುವ ಕುರುಚಲು. ಅದನ್ನು ಯಾರೂ ಬೆಳೆಸಿದ್ದಲ್ಲ, ಯಾರೂ ಅದಕ್ಕೆ ಒಂದು ಚೊಂಬು ನೀರು ಹನಿಸಿದ್ದಲ್ಲ. ಕಾರೆ, ಬಾರೆ, ಜಾಲಿ, ತಂಗಡಿ, ಬಂದರಿಕೆ ಅಂತ ಮೊಣಕಾಲಿನಿಂದ ಎದೆಮಟ್ಟದವರೆಗೆ ತನ್ನಷ್ಟಕ್ಕೆ ತಾನು ಎದ್ದು ನಿಂತಿತ್ತು. ಒಳಗೆ ಹೋದವರ ಸೀರೆಯಿಂದಲೋ ಪಂಚೆಯಿಂದಲೋ ಒಂದು ಚೂರು ಕಿತ್ತಿಟ್ಟುಕೊಳ್ಳದೆ ಹೊರಗೆ ಬಿಡುತ್ತಿರಲಿಲ್ಲ. ಅಂಥ ಜಾಗಕ್ಕೆ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅದೃಷ್ಟ ಕುದುರಿತು. ಶೇಂಗಾ ಎಣ್ಣೆಯ ದೊಡ್ಡ ಗಿರಣಿಯೊಂದು ಬರುತ್ತದೆ ಅಂತ ಆಯಿತು; ಕಾವಲು ಪೂರಾ ಅದಕ್ಕೆ ಕೊಟ್ಟರು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಮಂಜೂರಾತಿಯ ಕಾಗದ ಮೇಜಿನಿಂದ ಮೇಜಿಗೆ ಹೋಗುವಾಗ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹಕ್ಕಿ ನೋಡುವ ಚಟವಿದ್ದ ಅರಣ್ಯ ಇಲಾಖೆಯ ಒಬ್ಬ ಅಧಿಕಾರಿಯ ಕೈಗೆ ಸಿಕ್ಕಿತು. ಆತ ಕೆಳಗೆ ಒಂದು ಷರತ್ತು ಬರೆದುಬಿಟ್ಟ: ಎಷ್ಟು ಎಕರೆ ಕುರುಚಲು ಕೀಳುತ್ತೀರೋ ಅಷ್ಟೇ ಎಕರೆ ಕುರುಚಲನ್ನು, ಅದೇ ಜಾತಿಯ ಗಿಡಗಳದ್ದನ್ನು, ಬೇರೆ ಕಡೆ ಬೆಳೆಸಿ ಕೊಡತಕ್ಕದ್ದು. ಗಿರಣಿಯ ಮ್ಯಾನೇಜರು ಅದನ್ನು ಮೂರು ಸಲ ಓದಿ, ಟೈಪು ಮಾಡುವವನ ತಪ್ಪಿರಬೇಕು ಅಂದುಕೊಂಡು ವಾಪಸು ಕಳಿಸಿದರು. ಕಾಗದ ಹಾಗೇ ಹಿಂದಿರುಗಿತು, ಕೆಳಗೆ ಇನ್ನೊಂದು ಸಹಿ ಬಿದ್ದಿತ್ತು ಅಷ್ಟೆ.

ಜಾಗ ಗೊತ್ತುಮಾಡಿದ್ದು ಎರಡು ಮೈಲಿ ಆಚೆಯ ಬೋಳುಮರಡಿ ಅನ್ನುವ ಕಲ್ಲುದಿಣ್ಣೆಯಲ್ಲಿ. ಮರಡಿಯ ಬೆನ್ನಿಗೇ ಗೊಲ್ಲರ ಹಟ್ಟಿ. ಸುದ್ದಿ ಹಟ್ಟಿಗೆ ಬಂದ ದಿನ ಹುಚ್ಚಕ್ಕ ನಕ್ಕೂ ನಕ್ಕೂ ಸಾಕಾಗಿ ಒರಳುಕಲ್ಲಿನ ಮೇಲೆ ಕೂತಳು. ಅವಳಿಗೆ ಐವತ್ತರ ಸುಮಾರು. ಎಪ್ಪತ್ತು ಕುರಿಗಳ ಒಡತಿ. ಹಟ್ಟಿಯಲ್ಲಿ ಅವಳ ನಾಲಿಗೆಗೆ ಅಂಜದವರು ಅವಳ ಕುರಿಗಳು ಮಾತ್ರ. ಕಾರೆ ಕಿತ್ತು ಕಾರೆ ನೆಡುವ ಬುದ್ಧಿ ಬರಬೇಕಾದರೆ ಎಷ್ಟು ಓದಿರಬೇಕು ಅಂತ ಅವಳು ಬಂದಬಂದವರನ್ನೆಲ್ಲ ಕೇಳಿದಳು.

ಷರತ್ತಿನ ಎರಡನೆಯ ಅರ್ಧ ಆಮೇಲೆ ಗೊತ್ತಾಯಿತು. ಮೂರು ಮಳೆಗಾಲದಲ್ಲಿ ಮರಡಿಯ ಮೇಲೆ ಕುರುಚಲು ಎದ್ದರೆ ಸರಿ. ಏಳದಿದ್ದರೆ ಅಷ್ಟೂ ಜಾಗಕ್ಕೆ ಮುಳ್ಳುತಂತಿ ಬಿಗಿದು ನೀಲಗಿರಿ ನೆಡುವುದು. ನೀಲಗಿರಿಯ ಬುಡದಲ್ಲಿ ಹುಲ್ಲು ಹುಟ್ಟುವುದಿಲ್ಲ; ಅದರ ಎಲೆಯನ್ನು ಕುರಿ ಮೂಸಿಯೂ ನೋಡುವುದಿಲ್ಲ. ಈ ಕಡೆ ಕಾವಲು ಗಿರಣಿಗೆ ಹೋಯಿತು. ಆ ಕಡೆ ಮರಡಿ ನೀಲಗಿರಿಗೆ ಹೋದರೆ ಹಟ್ಟಿಯ ಕುರಿಗಳು ಮೇಯಬೇಕಾದದ್ದು ಹೆದ್ದಾರಿಯ ಡಾಂಬರನ್ನೇ. ಹುಚ್ಚಕ್ಕ ಒರಳುಕಲ್ಲಿನಿಂದ ಎದ್ದಳು. ಆಮೇಲೆ ಆ ವಿಷಯಕ್ಕೆ ನಗಲಿಲ್ಲ.

ಬೆಳೆಸುವ ಕಂಟ್ರಾಕ್ಟು ಹಿರಿಯೂರಿನ ನಾಗರಾಜಪ್ಪನದಾಯಿತು. ಅವನು ರಸ್ತೆ ಮಾಡಿಸಿದ್ದ, ಮೋರಿ ಕಟ್ಟಿಸಿದ್ದ, ಒಂದು ಸ್ಕೂಲಿಗೆ ಹೆಂಚು ಹೊದಿಸಿದ್ದ; ಮುಳ್ಳು ಬೆಳೆಸಿರಲಿಲ್ಲ. ಅದೇನು ಮಹಾ ಅಂದ. ಮರಡಿ ಕಾಯಲು ಹಟ್ಟಿಯವನೇ ಒಬ್ಬ ಬೇಕು ಅಂದಾಗ ಹುಚ್ಚಕ್ಕನ ಗಂಡ ಕಾಟಯ್ಯನನ್ನು ವಾಚರ್ ಮಾಡಿಕೊಂಡರು. ಅವನಿಗೊಂದು ಖಾಕಿ ಅಂಗಿ ಕೊಟ್ಟರು. ಅದರೊಳಗೆ ಇನ್ನೊಬ್ಬ ಕಾಟಯ್ಯ ಹಿಡಿಸುವಷ್ಟು ಜಾಗವಿತ್ತು. ಒಂದು ಸೀಟಿ ಕೊಟ್ಟರು. ಮೂರು ಮಳೆಗಾಲ ಒಂದು ಕುರಿಯೂ ಮರಡಿ ಹತ್ತದಂತೆ ನೋಡಿಕೊಂಡರೆ ನೌಕರಿ ಖಾಯಂ ಆಗುತ್ತದೆ ಅಂತಲೂ ಹೇಳಿದರು. ಕುರಿ ಹತ್ತಿದರೆ ಹಿಡಿದು ದೊಡ್ಡಿಗೆ ಹೊಡೆಯುವುದು, ವಾಚರನನ್ನು ಮನೆಗೆ ಕಳಿಸುವುದು. ಎಪ್ಪತ್ತು ಕುರಿಯ ಒಡತಿಯ ಗಂಡನಿಗೆ ಕುರಿ ತಡೆಯುವ ಕೆಲಸ ಕೊಟ್ಟವರ ಜಾಣತನವನ್ನು ಹಟ್ಟಿ ಬಹಳ ದಿನ ಆಡಿಕೊಂಡಿತು. ಕಾಟಯ್ಯ ಸೀಟಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮರಡಿಯ ತುದಿಯ ಗುಡಿಸಲಲ್ಲಿ ಕೂತ. ಗುಡಿಸಲನ್ನು ರಸ್ತೆಯ ಮಗ್ಗುಲಿಗೇ ಹಾಕಿಸಿದ್ದರು, ಜೀಪಿನಲ್ಲಿ ಬಂದವರಿಗೆ ಇಳಿಯದೆಯೇ ಕಾಣಲಿ ಅಂತ.

ಮೊದಲ ಮಳೆಗಾಲದಲ್ಲಿ ಶಾಮಿಯಾನ ಹಾಕಿ, ತೆಂಗಿನಕಾಯಿ ಒಡೆದು, ಮೈಕಿನಲ್ಲಿ ಭಾಷಣ ಮಾಡಿ, ಬೆಂಗಳೂರಿನಿಂದ ಬಂದು ಹಾರ ಹಾಕಿಸಿಕೊಂಡ ದೊಡ್ಡವರೊಬ್ಬರು ಒಂದು ಕಾರೆ ಸಸಿ ನೆಟ್ಟರು. ನೆಡುವಾಗ ಬೆರಳಿಗೆ ಮುಳ್ಳು ಚುಚ್ಚಿತು. ನಮ್ಮ ನಾಡಿನ ಗಿಡಗಳು ಎಷ್ಟು ಸ್ವಾಭಿಮಾನಿಗಳು ಅಂತ ಅವರು ಅದನ್ನೂ ಭಾಷಣಕ್ಕೆ ಸೇರಿಸಿದರು. ನಾಗರಾಜಪ್ಪನ ಆಳುಗಳು ಮರಡಿಯುದ್ದಕ್ಕೂ ದಾರ ಹಿಡಿದು ನೆಟ್ಟಗೆ ಸಾಲು ಗುಂಡಿ ತೋಡಿ ಪಾಲಿಥಿನ್ ಚೀಲದ ಸಸಿಗಳನ್ನು ಇಟ್ಟರು. ಚೀಲ ಹರಿದು ಇಡಬೇಕು ಅಂತ ಯಾರೂ ಹೇಳಿರಲಿಲ್ಲವಾದ್ದರಿಂದ ಚೀಲದ ಸಮೇತ ಇಟ್ಟರು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಮರಡಿಯ ಮೇಲೆ ಉಳಿದದ್ದು ಚೀಲಗಳು.

ಮಾಘದಲ್ಲಿ ಒಂದು ಬೆಳಿಗ್ಗೆ, ತಪಾಸಣೆಗೆ ಜೀಪು ಬರುತ್ತದೆ ಅಂತ ನಾಗರಾಜಪ್ಪನಿಗೆ ಫೋನು ಬಂತು. ಹುಚ್ಚಕ್ಕನಿಗೆ ಅದು ಗೊತ್ತಿಲ್ಲ. ಅವಳು ಕುರಿ ಹೊಡೆದುಕೊಂಡು ಹಳೇ ಕಾವಲಿಗೆ ಹೋಗಿದ್ದಳು. ಗಿರಣಿಯವರು ಹೆದ್ದಾರಿಯ ಕಡೆಯ ಅರ್ಧ ಮಾತ್ರ ಬೋಳಿಸಿ ಕಟ್ಟಡ ಎಬ್ಬಿಸುತ್ತಿದ್ದರು. ಹಿಂಭಾಗ ಇನ್ನೂ ಹಾಗೇ ಇತ್ತು, ಕಾಂಪೌಂಡು ಗೋಡೆ ಆ ಕಡೆಗೆ ತಲುಪಿರಲಿಲ್ಲ. ಜಾಲಿ ಕಾಯಿ ಉದುರುವ ಕಾಲ. ಕುರಿಗಳು ಹೊಟ್ಟೆ ತಮ್ಮಟೆಯಾಗುವಷ್ಟು ತಿಂದು ಸಂಜೆ ಹಟ್ಟಿಗೆ ಬಂದವು. ಬಂದರೆ ರೊಪ್ಪಕ್ಕೆ ಬೇಲಿಯಿಲ್ಲ.

ರೊಪ್ಪ ಅಂದರೆ ಕುರಿ ಕೂಡುವ ಜಾಗ. ಹಟ್ಟಿಯಲ್ಲಿ ಗೋಡೆ ಕಟ್ಟುವ ರೂಢಿಯಿಲ್ಲ. ಕಾರೆ, ಬಾರೆ ಮುಳ್ಳನ್ನು ಕಡಿದು ತಂದು ಎದೆಮಟ್ಟ ಒಟ್ಟುತ್ತಾರೆ. ಹುಚ್ಚಕ್ಕನ ಬೇಲಿ ಹನ್ನೊಂದು ವರ್ಷದ್ದು. ಪ್ರತಿ ವರ್ಷ ಹೊಸ ಮುಳ್ಳು ಸೇರಿಸಿ ಸೇರಿಸಿ, ತೋಳವಿರಲಿ, ಗಾಳಿಯೂ ಒಳಗೆ ಬರಬೇಕಾದರೆ ಅವಳನ್ನು ಕೇಳಿ ಬರಬೇಕು ಅನ್ನುವಂತೆ ಕಟ್ಟಿದ್ದಳು. ಅವಳ ದೊಡ್ಡ ಟಗರಿಗೆ ಬೇಲಿ ಕಡಿಯುವ ಚಾಳಿಯಿದ್ದದ್ದರಿಂದ, ಅದು ಸಡಿಲ ಮಾಡಿದ ಕಡೆಯೆಲ್ಲ ತನ್ನ ಹಳೇ ಕೆಂಪು ರವಿಕೆಯ ಚೂರು ಹರಿದು ಬಿಗಿದಿದ್ದಳು. ಈಗ ನೋಡಿದರೆ ಬರೀ ನೆಲ. ಪಕ್ಕದ ಗುಡಿಸಲಿನ ದುರುಗಕ್ಕ, ನಾಗರಾಜಪ್ಪನ ಆಳುಗಳು ಎರಡು ಗಾಡಿ ತಂದು ಅಷ್ಟನ್ನೂ ಹೇರಿಕೊಂಡು ಹೋದರು, ಸರ್ಕಾರದ ಕೆಲಸ ಅಂದರು, ನಿನ್ನ ಗಂಡನೇ ಮುಂದೆ ನಿಂತಿದ್ದ ಅಂತ ಹೇಳಿದಳು. ಕೊನೆಯ ಮಾತನ್ನು ಹೇಳುವಾಗ ದುರುಗಕ್ಕನಿಗೆ ಕೊಂಚ ಸುಖವೇ ಆದಂತೆ ಕಂಡಿತು.

ಹುಚ್ಚಕ್ಕ ಕುರಿಗಳನ್ನು ಹಿಂದೆ ಬಿಟ್ಟುಕೊಂಡೇ ಮರಡಿ ಹತ್ತಿದಳು. ಸಾಲು ಗುಂಡಿಗಳಲ್ಲಿ ಸತ್ತ ಸಸಿಯ ಬದಲಿಗೆ ಅವಳ ಬೇಲಿ ನಿಂತಿತ್ತು. ಒಂದೊಂದು ಗುಂಡಿಗೆ ಒಂದೊಂದು ಒಣ ಕೊಂಬೆ; ತುದಿಗೆ ಬಾಳೆನಾರಿನಿಂದ ಹಸಿ ತಂಗಡಿ ಸೊಪ್ಪು ಕಟ್ಟಿದ್ದರು, ಹಳದಿ ಹೂವಿನ ಸಮೇತ. ದೂರದಿಂದ ನೋಡಿದರೆ ಮದುವೆ ಚಪ್ಪರದ ಕಳೆ. ಜೀಪು ರಸ್ತೆಯಲ್ಲೇ ನಿಂತು, ಒಬ್ಬರು ಕಿಟಕಿಯಿಂದ ಕೈ ಹಣೆಗಿಟ್ಟು ನೋಡಿ, ತಲೆಯಾಡಿಸಿ, ಚಿತ್ರದುರ್ಗದ ಕಡೆ ಹೋಗಿ ಒಂದು ಗಂಟೆಯಾಗಿತ್ತು. ಕಾಟಯ್ಯ ಒಬ್ಬನೇ ಆ ಕೊಂಬೆಗಳ ನಡುವೆ ನಿಂತಿದ್ದ.

“ಗಾರ್ಡ್ ಸಾಹೇಬ್ರೆ, ನನ್ನ ಬೇಲಿ ಇಲ್ಲಿಗ್ಯಾಕೆ ಬಂತು?”

“ಬೇಲಿ ಅನ್ನಬ್ಯಾಡ ಕಣೆ,” ಅಂದ ಕಾಟಯ್ಯ ಮೆತ್ತಗೆ. “ಮುಂದಿನ ಆರ್ಡರ್ ಬರೋಗಂಟ ಅದು ಗಿಡ.”

ಇನ್ನೊಂದು ಜೀಪು ಯಾವಾಗ ಬೇಕಾದರೂ ಬರಬಹುದಂತೆ, ಅಲ್ಲಿಯವರೆಗೆ ಒಂದು ಕಡ್ಡಿಯನ್ನೂ ಕದಲಿಸಬಾರದು ಅಂತ ನಾಗರಾಜಪ್ಪ ಹೇಳಿ ಹೋಗಿದ್ದಾನಂತೆ. ಹೊಸ ಮುಳ್ಳು ಕಡಿಯೋಣವೆಂದರೆ ಗಿರಣಿಯವರು ಕತ್ತಿ ಹಿಡಿದವರನ್ನು ಕಾವಲಿನೊಳಕ್ಕೆ ಬಿಡುತ್ತಿಲ್ಲ. ಕಾಟಯ್ಯ ಇಷ್ಟನ್ನೂ ವರದಿ ಒಪ್ಪಿಸುವವನ ಹಾಗೆ ಹೇಳಿ ಮುಗಿಸಿದ. ಹುಚ್ಚಕ್ಕ ಒಂದು ಕೊಂಬೆಯ ಹತ್ತಿರ ಹೋಗಿ, ಅದರ ಮೇಲಿದ್ದ ಕೆಂಪು ರವಿಕೆಯ ಚೂರನ್ನು ಬೆರಳಲ್ಲಿ ಸವರಿದಳು.

“ಸರಿ ಬಿಡು. ಬೇಲಿ ಎಲ್ಲೈತೋ ಕುರಿನೂ ಅಲ್ಲೇ ಮಲಗ್ತಾವೆ.”

ಆ ವರ್ಷ ಬೇಸಿಗೆಯಲ್ಲಿ ಅವಳ ಮಂದೆಯನ್ನು ಹೊಲಕ್ಕೆ ಕರೆಯುವವರೂ ಇರಲಿಲ್ಲ. ಮೊದಲಾದರೆ ಕುಯ್ಲಾದ ಮೇಲೆ ರೈತರು ತಾವಾಗಿ ಹಟ್ಟಿಗೆ ಬಂದು, ಇಷ್ಟು ರಾತ್ರಿ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿ ಅನ್ನುತ್ತಿದ್ದರು. ಕುರಿ ಮಲಗಿದ ನೆಲಕ್ಕೆ ಗೊಬ್ಬರವಾಯಿತು, ಕುರಿಯವರಿಗೆ ಹೊಲದವರ ಮನೆಯಿಂದ ಊಟ ಬಂತು. ಆ ಊಟವೇ ಕರಾರು. ಉಣ್ಣಲು ಇಕ್ಕಿದವನು ಕುರಿಯನ್ನು ಕರೆದವನು, ಉಂಡವರು ಒಪ್ಪಿಕೊಂಡವರು. ಎರಡು ವರ್ಷದಿಂದ ರೈತರಿಗೆಲ್ಲ ಚೀಲದ ಬಿಳೀ ಗೊಬ್ಬರದ ಹುಚ್ಚು ಹತ್ತಿ, ಕುರಿ ಹಿಕ್ಕೆ ಹಳೇ ಫ್ಯಾಷನ್ ಆಗಿಬಿಟ್ಟಿತ್ತು. ಹೀಗಾಗಿ ಹುಚ್ಚಕ್ಕನಿಗೆ ಹೊಲದಲ್ಲಿ ಮಂದೆಯ ಸುತ್ತ ನಿಲ್ಲಿಸುವ ಬಿದಿರು ತಡಿಕೆಗಳು ಬಿಡುವಾಗಿದ್ದವು, ಸಿಟ್ಟೂ ಬಿಡುವಾಗಿತ್ತು.

ಮಾಘದಿಂದ ವೈಶಾಖದವರೆಗೆ ತೊಂಬತ್ತು ರಾತ್ರಿ ಅವಳು ಮರಡಿಯ ಹಿಂಬದಿಯಲ್ಲಿ ಕುರಿ ಕೂಡಿದಳು. ಹಗಲು ಹಳೇ ಕಾವಲಿನ ಹಿಂಭಾಗದಲ್ಲಿ ಮೇಯಿಸುವುದು, ಕತ್ತಲಾದ ಮೇಲೆ ಮರಡಿಗೆ ಹತ್ತಿಸುವುದು, ಬೆಳ್ಳಿ ಮೂಡುವ ಮೊದಲೇ ಇಳಿಸುವುದು. ಹೊಲದಲ್ಲಿ ಮಾಡಿದ ಅಭ್ಯಾಸ ಕೈಬಿಡದೆ, ಒಂದು ರಾತ್ರಿಗೆ ಒಂದು ಗುಂಟೆ ಜಾಗಕ್ಕೆ ತಡಿಕೆ ನಿಲ್ಲಿಸಿ, ಮಾರನೆಯ ದಿನ ಒಂದು ತಡಿಕೆಯುದ್ದ ಆಚೆ ಸರಿಸುತ್ತಿದ್ದಳು. ಯಾರ ಹೊಲಕ್ಕೆ ಈ ಉಪಕಾರ ಅಂತ ಯೋಚಿಸಲೂ ಇಲ್ಲ. ಕಾಟಯ್ಯ ರಸ್ತೆಯ ಬದಿಯ ಗುಡಿಸಲಲ್ಲಿ ರಸ್ತೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಅಪರೂಪಕ್ಕೆ ಕುರಿ ಕೆಮ್ಮಿದರೆ ತಾನೂ ಜೋರಾಗಿ ಕೆಮ್ಮುತ್ತಿದ್ದ. ಗಂಡ ಹೆಂಡಿರ ನಡುವೆ ಈ ಬಗ್ಗೆ ಒಂದು ಮಾತೂ ಆಗಲಿಲ್ಲ. ಅವರ ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಹೊಂದಾಣಿಕೆಯ ಬೇಸಿಗೆ ಇನ್ನೊಂದಿರಲಿಲ್ಲ.

ಜ್ಯೇಷ್ಠದಲ್ಲಿ ಮಳೆ ಬಿತ್ತು. ಹದಿನೈದು ದಿನಕ್ಕೆ ಕಾಟಯ್ಯ ಹಟ್ಟಿಗೆ ಓಡಿ ಬಂದು, ಯಾರಿಗೂ ಕೇಳದಂತೆ ಹೆಂಡತಿಯ ಕಿವಿಯಲ್ಲಿ ಏನೋ ಊದಿದ. ಅವಳು ಹೋಗಿ ನೋಡಿದಳು. ಮರಡಿಯ ಹಿಂಬದಿಯಲ್ಲಿ ಚೌಕಾಬಾರದ ಮನೆ ಬರೆದ ಹಾಗೆ ಒಂದರ ಪಕ್ಕ ಒಂದು ಹಸಿರು ಚೌಕ, ಒಟ್ಟು ತೊಂಬತ್ತು. ಬಗ್ಗಿ ನೋಡಿದರೆ ಜಾಲಿ ಮೊಳಕೆ, ಬಾರೆ ಮೊಳಕೆ, ಕಾರೆ, ಅಲ್ಲೊಂದು ಇಲ್ಲೊಂದು ತಂಗಡಿ. ಕೈಯಲ್ಲಿ ಬಿತ್ತಿದರೆ ವರ್ಷವಾದರೂ ಕಣ್ಣು ಬಿಡದ ಗಟ್ಟಿ ಬೀಜ ಕುರಿಯ ಹೊಟ್ಟೆಯಲ್ಲಿ ಬೆಂದು, ಗೊಬ್ಬರದ ಸಮೇತ ಕೆಳಗೆ ಬಿದ್ದು, ಮಳೆ ಬಂದ ತಕ್ಷಣ ಎದ್ದು ಕೂತಿತ್ತು. ಗಿರಣಿಯವರು ಅತ್ತ ಕಾವಲನ್ನು ಮುಂದಿನಿಂದ ಕೀಳುತ್ತಿದ್ದ ಹಾಗೆ, ಇತ್ತ ಅವಳ ಕುರಿಗಳು ಅದನ್ನು ದಿನಾ ಒಂದಿಷ್ಟು ಹೊಟ್ಟೆಯಲ್ಲಿ ಹೊತ್ತು ತಂದು ಬಾಲದ ಕೆಳಗಿನಿಂದ ಇಲ್ಲಿ ಇಳಿಸಿದ್ದವು.

ಹುಚ್ಚಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ, ಬೆಳೆ ಎದ್ದ ಹೊಲಕ್ಕೆ ಮಂದೆ ಬಿಡಬಾರದು ಅಂದು ತಡಿಕೆ ಕಿತ್ತಳು. ಕೊಂಬೆಗಳನ್ನು ಕೇಳುವವರೂ ಅಷ್ಟರಲ್ಲಿ ಇಲ್ಲವಾಗಿದ್ದರು. ಗೆದ್ದಲು ತಿಂದು ಮಿಕ್ಕಿದ್ದರಲ್ಲಿ ಚೆನ್ನಾಗಿದ್ದದ್ದನ್ನು ಆರಿಸಿ ತಂದು ತನ್ನ ರೊಪ್ಪಕ್ಕೆ ಮತ್ತೆ ಒಟ್ಟಿಕೊಂಡಳು.

ಮೂರನೆಯ ಮಳೆಗಾಲ ಮುಗಿದು ಕಾರ್ತಿಕದಲ್ಲಿ ಕೊನೆಯ ತಪಾಸಣೆ ಬಂತು. ಎಪ್ಪತ್ತಾರನೇ ಇಸವಿ; ಸರ್ಕಾರದ ಜೀಪು ಕಂಡರೆ ನಾಯಿಗಳೂ ಬೊಗಳುವ ಮುಂಚೆ ಯೋಚನೆ ಮಾಡುತ್ತಿದ್ದ ಕಾಲ. ಇಳಿದವರು ಷರತ್ತು ಬರೆದಿದ್ದ ಆ ದುರ್ಬೀನಿನ ಅಧಿಕಾರಿಯೇ. ಹೆಸರು ಮುರುಗಪ್ಪ. ನಾಗರಾಜಪ್ಪನ ದುರದೃಷ್ಟಕ್ಕೆ ಅವರಿಗೆ ನಡೆಯುವ ಚಟವೂ ಇತ್ತು. ಮರಡಿ ಹತ್ತಿ ಹಿಂಬದಿಗೆ ಇಳಿದರು. ಹಟ್ಟಿಯ ಜನ, ಹಿರಿಯ ಗೊಲ್ಲಪ್ಪನನ್ನು ಮುಂದಿಟ್ಟುಕೊಂಡು, ದೂರದಲ್ಲಿ ಹಿಂಬಾಲಿಸಿದರು. ಮಜ್ಜಿಗೆ ತರಬೇಕೆಂದು ಕಾಟಯ್ಯ ಹೇಳಿದ್ದರಿಂದ ಹುಚ್ಚಕ್ಕ ಗಡಿಗೆ ಹೊತ್ತು ಬಂದಿದ್ದಳು.

ಚೌಕಗಳು ಈಗ ಮೊಣಕಾಲು ದಾಟಿದ್ದವು. ಮುರುಗಪ್ಪನವರು ಒಂದಕ್ಕೆ ಕಾಲಿಟ್ಟದ್ದೇ ಗೌಜಲಹಕ್ಕಿಯ ಜೋಡಿಯೊಂದು ಬುರ್ರನೆ ಎದ್ದು ಅವರ ಟೋಪಿಗೇ ಹಾಯ್ದು ಹೋಯಿತು. ಮನುಷ್ಯನಿಗೆ ಬಡ್ತಿ ಬಂದಷ್ಟು ಸಂತೋಷವಾಯಿತು. ಇದು ಹೇಗೆ ಎದ್ದಿತು, ಅದೂ ಚೌಕ ಚೌಕವಾಗಿ, ಅಂತ ಕೇಳಿದರು. ನಾಗರಾಜಪ್ಪ ಕಣ್ಣು ಮಿಟುಕಿಸದೆ, ಇದು ಚೌಕ ಪದ್ಧತಿ ಅಂತ ಸಾರ್, ಸೈಂಟಿಫಿಕ್ಕು, ನಮ್ಮದೇ ಸ್ವಂತ ಐಡಿಯಾ ಅಂದ. ಮುರುಗಪ್ಪನವರು ಪುಸ್ತಕ ತೆಗೆದು ಬರೆದುಕೊಂಡರು. ಉಳಿದ ಜಾಗವನ್ನೂ ಇದೇ ಪದ್ಧತಿಯಲ್ಲಿ ಮಾಡಲು ಇವರಿಗೇ ವಹಿಸುವಂತೆ ಬರೆಯುತ್ತೇನೆ ಅಂದರು. ಇಷ್ಟು ಚೆನ್ನಾಗಿ ಎದ್ದದ್ದು ಕುರಿಯ ಬಾಯಿಗೆ ಹೋಗಬಾರದು. ಸುತ್ತ ಮುಳ್ಳುತಂತಿ, ಹತ್ತು ವರ್ಷ ಕುರಿಗೆ ಪ್ರವೇಶವಿಲ್ಲ.

ಹುಚ್ಚಕ್ಕ ತಲೆಯ ಮೇಲಿನ ಗಡಿಗೆ ಇಳಿಸಿದಳು. ನೀಲಗಿರಿ ತಪ್ಪಿತು, ತಂತಿ ತಪ್ಪಲಿಲ್ಲ. ಅವಳ ಕುರಿ ಹೇತು ಬೆಳೆಸಿದ ಕಾವಲಿಗೆ ಅವಳ ಕುರಿಯೇ ಹೋಗುವಂತಿಲ್ಲ. ಬಾಯಿ ತೆರೆದು ಹೇಳೋಣವೆಂದರೆ, ಹೇಳಿದ ಕ್ಷಣಕ್ಕೆ ಅದು ಅತಿಕ್ರಮಣ. ಕುರಿ ದೊಡ್ಡಿಗೆ, ಕಾಟಯ್ಯ ಮನೆಗೆ. ಕಾಟಯ್ಯ ಆಗಲೇ ಖಾಕಿ ಅಂಗಿಯೊಳಗೆ ಕತ್ತು ಎಳೆದುಕೊಂಡು, ಬೇಡ ಕಣೆ ಅನ್ನುವಂತೆ ಅವಳನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಡ್ರೈವರು ಬಂಡೆಯೊಂದರ ನೆರಳಿನಲ್ಲಿ ಟವೆಲು ಹಾಸಿ ಸಾಹೇಬರ ಟಿಫಿನ್ ಕ್ಯಾರಿಯರ್ ಬಿಚ್ಚಿದ. ಹುಚ್ಚಕ್ಕ ಮಜ್ಜಿಗೆಯ ಲೋಟ ಕೊಡುವ ನೆಪದಲ್ಲಿ ಹತ್ತಿರ ಹೋಗಿ, ಬುತ್ತಿ ಯಾವೂರಿನದು ಅಂತ ವಿಚಾರಿಸಿದಳು. ಮುರುಗಪ್ಪನವರು ತಮ್ಮದು ಹೊಳಲ್ಕೆರೆ ಕಡೆ ತಾಳ್ಯ, ಮನೆಯಲ್ಲಿ ಈಗಲೂ ಬೇಸಾಯವಿದೆ, ರೊಟ್ಟಿ ತಾಯಿ ತಟ್ಟಿದ್ದು ಅಂದರು. ತಾಳ್ಯ ಅಂದದ್ದೇ ಹುಚ್ಚಕ್ಕ ಸೆರಗು ಒದರಿ ಅವರ ಎದುರಿಗೆ ಕೂತುಬಿಟ್ಟಳು.

“ಸಾಮಿ, ಹಸಿವಾಗೈತೆ. ನಂಗೂ ಒಂದು ರೊಟ್ಟಿ ಇಕ್ರಿ.”

ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಹುಚ್ಚಕ್ಕ ಕೈಚಾಚಿದ್ದನ್ನು ಹುಟ್ಟಿದಾಗಿನಿಂದ ಯಾರೂ ಕಂಡಿರಲಿಲ್ಲ. ಗೊಲ್ಲಪ್ಪ ಅವಮಾನದಿಂದ ಕೆಮ್ಮಿದ, ಕಾಟಯ್ಯ ಕಣ್ಣು ಮುಚ್ಚಿಕೊಂಡ. ಮುರುಗಪ್ಪನವರು ಏನೂ ಅಂದುಕೊಳ್ಳದೆ ಕ್ಯಾರಿಯರ್ ಮುಚ್ಚಳಕ್ಕೆ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿ ಕೊಟ್ಟರು. ಅವಳು ಅವಸರವಿಲ್ಲದೆ ಉಂಡಳು. ಎಣ್ಣೆಗಾಯಿಗೆ ಉಪ್ಪು ಒಂದು ಕಲ್ಲು ಕಡಿಮೆಯಾಗಿದೆ ಅಂತ ಹೇಳಿ, ಆದರೂ ಇನ್ನೊಂದು ಹೋಳು ಹಾಕಿಸಿಕೊಂಡಳು. ಮುಚ್ಚಳ ತೊಳೆದು ಬೋರಲಿಟ್ಟು, ಕೈ ಒರೆಸಿಕೊಂಡಳು.

ಆಮೇಲೆ ಹೇಳತೊಡಗಿದಳು. ತನ್ನ ಅವ್ವ ಮಂದೆ ಹೊಡೆದುಕೊಂಡು ತಾಳ್ಯದ ಹೊಲಗಳಿಗೆ ಹೋಗುತ್ತಿದ್ದದ್ದು, ತಾನು ಮರಿ ಎತ್ತಿಕೊಂಡು ಹಿಂದೆ ನಡೆಯುತ್ತಿದ್ದದ್ದು, ಹೊಲದ ಮನೆಗಳಿಂದ ಬುಟ್ಟಿಯಲ್ಲಿ ಮುದ್ದೆ ಬರುತ್ತಿದ್ದದ್ದು. ಮುರುಗಪ್ಪನವರು ಊಟ ನಿಲ್ಲಿಸಿ ಕೇಳಿದರು. ಅವರ ತಾಯಿಯೂ ಹಾಗೆ ಬುಟ್ಟಿ ಹೊತ್ತವರೇ.

“ಹಂಗಾದ್ರೆ ನೀವೇ ಹೇಳ್ರಿ ಸಾಮಿ. ಹೊಲದೋರು ಕುರಿಯೋರಿಗೆ ಉಣ್ಣಾಕಿಕ್ಕಿದ್ರೆ ಏನರ್ಥ?”

“ಕುರಿ ನಿಲ್ಲಿಸಾಕೆ ಕರೆದಂಗೆ,” ಅಂದರು ಮುರುಗಪ್ಪನವರು. ಅವರ ಮಾತು ಆಫೀಸು ಬಿಟ್ಟು ಊರಿಗೆ ಇಳಿದಿತ್ತು. “ಅದ್ರಾಗೇನೈತೆ ಕೇಳೋದು.”

“ಊಟ ಒಂದೀಟು ತಡ ಆದ್ರೆ?”

“ತಡ ಆದ್ರೂ ಊಟ ಊಟನೇ. ಎಷ್ಟೋ ಸಲ ಮಾರನೇ ದಿನ ಕಳ್ಸಿದ್ದುಂಟು.”

“ನಿಮ್ದು ಒಂದೂವರೆ ವರ್ಷ ತಡ ಆತು.”

ಮುರುಗಪ್ಪನವರಿಗೆ ಕೂಡಲೇ ತಿಳಿಯಲಿಲ್ಲ. ಅವಳು ಎದ್ದು ಪಕ್ಕದ ಚೌಕದ ಮೂಲೆಗೆ ಹೋಗಿ, ಕಾಲಿನಿಂದ ಮಣ್ಣು ಸರಿಸಿ ತಡಿಕೆಯ ಗೂಟ ಹೂತ ಕುಳಿ ತೋರಿಸಿದಳು. ಇನ್ನೊಂದು ಮೂಲೆಯಲ್ಲೂ ಕುಳಿ ಇತ್ತು. ತೊಂಬತ್ತು ರಾತ್ರಿ, ಎಪ್ಪತ್ತು ಕುರಿ, ಹಗಲು ಹಳೇ ಕಾವಲಿನ ಜಾಲಿ ಕಾಯಿ, ಬಾರೆ ಹಣ್ಣು, ರಾತ್ರಿ ಇಲ್ಲಿ. ಮುಳ್ಳಿನ ನಡುವೆ ಕೈ ಹಾಕಿ ಹೆಬ್ಬೆರಳಿನಷ್ಟು ಒಣ ಹಿಕ್ಕೆಯ ಹೆಂಟೆ ತೆಗೆದು, ಒಡೆದು, ಒಳಗಿದ್ದ ಜಾಲಿ ಬೀಜವನ್ನು ಸಾಹೇಬರ ಅಂಗೈ ಮೇಲೆ ಇಟ್ಟಳು. ನಾಗರಾಜಪ್ಪ, ಇದೆಲ್ಲ ಸುಳ್ಳು ಸಾರ್, ಹೆಂಗಸರ ಮಾತು ಅಂದ. ಅವಳು ಅವನ ಕಡೆ ತಿರುಗಿ, ನಿನ್ನ ಸಾಲು ಗುಂಡಿಗಳಲ್ಲಿ ಒಂದಾದರೂ ಹಸಿರಾಗಿದ್ದರೆ ತೋರಿಸು ಅಂದಳು. ಗುಂಡಿಗಳೆಲ್ಲ ನೆಟ್ಟಗೆ, ದಾರ ಹಿಡಿದ ಹಾಗೆ, ಬೋಳಾಗಿ ಹೋಗಿದ್ದವು. ಅವುಗಳಲ್ಲೊಂದರಲ್ಲಿ ಗೆದ್ದಲು ಉಳಿಸಿದ ಕಾರೆ ಕೊಂಬೆಯೊಂದಿತ್ತು. ಅದರ ಮೇಲೆ ಬಣ್ಣ ಮಾಸಿದ ಕೆಂಪು ಬಟ್ಟೆ. ಮುರುಗಪ್ಪನವರು ಆ ಬಟ್ಟೆಯನ್ನು ನೋಡಿದರು, ಹುಚ್ಚಕ್ಕನ ಮೈಮೇಲಿದ್ದ, ಅದೇ ಥಾನಿನ ಇನ್ನೊಂದು ರವಿಕೆಯನ್ನು ನೋಡಿದರು.

ಕಾಟಯ್ಯ ಮುಂದೆ ಬಂದು ಸೀಟಿ ಬಿಚ್ಚಿ ಸಾಹೇಬರ ಟವೆಲಿನ ಮೇಲೆ ಇಟ್ಟ. ಕೆಮ್ಮಿದ್ದು ತಾನೇ ಅಂದ. ಅದರ ಅರ್ಥ ಹೆಂಡತಿಯೊಬ್ಬಳಿಗೇ ಆಯಿತು.

ಮುರುಗಪ್ಪನವರು ಅಂಗೈಯ ಬೀಜವನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಅವರು ಗೊಲ್ಲಪ್ಪನನ್ನು ಕರೆದು, ಈಯಮ್ಮ ಹೇಳಿದ ಪದ್ಧತಿ ನಿಮ್ಮ ಕಡೆಯೂ ಹೀಗೇನಾ ಅಂತ ಕೇಳಿದರು. ಹೀಗೇ ಅಂದ ಗೊಲ್ಲಪ್ಪ. ಉಂಡ ಮೇಲೆ ಕುರಿಯವರು ಮಾಡಬೇಕಾದದ್ದೇನು ಅಂತ ಕೇಳಿದರು. ಗೊಲ್ಲಪ್ಪನಿಗೆ ಬಲೆ ಕಾಣಿಸಿತೋ ಇಲ್ಲವೋ, ಅವನು ಸತ್ಯವನ್ನೇ ಹೇಳಿದ: ಹೊಲ ಮುಗಿಯುವವರೆಗೆ ಮಂದೆ ಎಬ್ಬಿಸಬಾರದು.

“ಕೇಳಿಸ್ತೇನಕ್ಕ,” ಅಂದರು ಮುರುಗಪ್ಪನವರು. “ಅರ್ಧ ಹೊಲಕ್ಕೆ ಬಿಟ್ಟು ಹೋಗೋರನ್ನ ನಮ್ಮಪ್ಪ ಊರು ದಾಟಾಕೆ ಬಿಡ್ತಿರಲಿಲ್ಲ. ಇನ್ನೂ ಎಪ್ಪತ್ತೇಳು ಎಕರೆ ಮ್ಯಾಲೈತೆ.”

ಜಾಲಿ ಕಾಯಿ ಬೀಳುವುದು ವರ್ಷಕ್ಕೆ ತೊಂಬತ್ತು ದಿನ, ದಿನಕ್ಕೊಂದು ಗುಂಟೆ. ಡ್ರೈವರು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ, ಇನ್ನು ಮೂವತ್ತನಾಲ್ಕು ಬೇಸಿಗೆ ಅಂದ. ಹುಚ್ಚಕ್ಕ ಆ ಗೀಟುಗಳನ್ನು ಬಗ್ಗಿ ನೋಡಿದಳು. ಅಷ್ಟು ಹೊತ್ತಿಗೆ ತನ್ನ ಮೊಮ್ಮಕ್ಕಳಿಗೆ ಹಲ್ಲಿರುವುದಿಲ್ಲ ಅಂದಳು. ಆಗ ಗೊಲ್ಲಪ್ಪ, ಹಟ್ಟಿಯ ಕುರಿಗಳೆಲ್ಲ ಸೇರಿದರೆ ಎರಡು ಬೇಸಿಗೆಯ ಕೆಲಸ ಅಂದ. ಹುಚ್ಚಕ್ಕನ ಮುಖ ನಿಧಾನವಾಗಿ ಅರಳಿತು.

“ಹಟ್ಟಿನೆಲ್ಲ ಕರೀಬೇಕಂದ್ರೆ ಹಟ್ಟಿಗೆಲ್ಲ ಉಣ್ಣಾಕಿಕ್ಬೇಕಾಗ್ತೈತೆ ಸಾಮಿ.”

ಮುರುಗಪ್ಪನವರು ಟಿಫಿನ್ ಕ್ಯಾರಿಯರ್ ಕಡೆ ನೋಡಿ ನಗತೊಡಗಿದರು. ಕ್ಯಾರಿಯರ್ ತಳದಲ್ಲಿ ಮೊಸರನ್ನ ಒಂದು ಹಿಡಿ ಉಳಿದಿತ್ತು. ಗೊಲ್ಲಪ್ಪ ಅದನ್ನೇ ಹಟ್ಟಿಯ ಪರವಾಗಿ ಉಂಡ. ತಂತಿಯ ಮಾತನ್ನು ಸಾಹೇಬರು ಪುಸ್ತಕದಲ್ಲಿ ಹೊಡೆದುಹಾಕಿದರು. ಊಟವಿಕ್ಕಿದ ಲೆಕ್ಕದಲ್ಲಿ ಕುರಿ ಮಂದೆಗಳನ್ನು ಇಲಾಖೆಯೇ ಕರೆಸಿಕೊಂಡಿತ್ತು, ಇನ್ನು ಅತಿಕ್ರಮಣದ ಮಾತೆಲ್ಲಿ. ಎದ್ದ ಚೌಕಕ್ಕೆ ಮೂರು ವರ್ಷ ಕುರಿ ಇಳಿಸತಕ್ಕದ್ದಲ್ಲ, ಆಮೇಲೆ ಹಟ್ಟಿಯವರು ಮೇಯಿಸಿಕೊಳ್ಳಬಹುದು ಅಂತ ಬರೆದರು. ಸೀಟಿಯನ್ನು ಕಾಟಯ್ಯನಿಗೆ ವಾಪಸು ಕೊಟ್ಟರು. ಅವನ ಖಾಯಂ ಆಗುವ ಕಾಗದ ಮಾತ್ರ ಇವತ್ತಿಗೂ ಯಾವುದೋ ಮೇಜಿನ ಮೇಲಿದೆ. ನಾಗರಾಜಪ್ಪನ ಬಗ್ಗೆ ಏನು ಬರೆದರೋ ಗೊತ್ತಿಲ್ಲ. ಅವನು ವಾಪಸು ಹಿರಿಯೂರಿಗೆ ಜೀಪಿನಲ್ಲಿ ಹೋಗಲಿಲ್ಲ, ಬಸ್ಸಿಗೆ ಕೈ ಅಡ್ಡ ಹಿಡಿದ.

ಇಷ್ಟಾದ ಮೇಲೆ ಒಂದು ತೊಡಕು ಉಳಿಯಿತು. ಕುರಿಗಳು ಹೊತ್ತು ತರಬೇಕಾದ ಬೀಜವಿದ್ದದ್ದು ಹಳೇ ಕಾವಲಿನ ಹಿಂಭಾಗದ ಮೂವತ್ತು ಎಕರೆಯಲ್ಲಿ, ಅದೀಗ ಗಿರಣಿಯ ಕಾಂಪೌಂಡಿನ ಒಳಗೆ. ಮುರುಗಪ್ಪನವರು ಗಿರಣಿಗೆ ಇನ್ನೊಂದು ಕಾಗದ ಬರೆದರು. ಮ್ಯಾನೇಜರು ಅದನ್ನು ಮೂರು ಸಲ ಓದಿದರು. ಈ ಸಲ ವಾಪಸು ಕಳಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಹುಚ್ಚಕ್ಕ ಎಪ್ಪತ್ತು ಕುರಿಗಳೊಂದಿಗೆ ಗಿರಣಿಯ ದೊಡ್ಡ ಗೇಟಿನ ಮುಂದೆ ನಿಂತಳು. ಹಿಂದೆ ಹೆದ್ದಾರಿಯುದ್ದಕ್ಕೂ ಹಟ್ಟಿಯ ಉಳಿದ ಮಂದೆಗಳು; ಚಿತ್ರದುರ್ಗದ ಬಸ್ಸೊಂದು ಹಾರನ್ ಹೊಡೆದು ಹೊಡೆದು ಸುಸ್ತಾಗಿ ಎಂಜಿನ್ ಆರಿಸಿತ್ತು. ಗೇಟಿನವನು ಹೊಸಬ, ನಿಯಮದ ಮನುಷ್ಯ. ಒಳಗೆ ಹೋಗುವ ಪ್ರತಿಯೊಬ್ಬರ ಹೆಸರು, ಹೊತ್ತು ರಿಜಿಸ್ಟರಿನಲ್ಲಿ ಬರೆಯದೆ ಬಿಡುವುದಿಲ್ಲ ಅಂದ. ಅವಳ ಹೆಸರು ಬರೆದುಕೊಂಡು, ಜೊತೆಯವರದ್ದು ಅಂತ ರೂಢಿಯ ಮೇಲೆ ಕೇಳಿದ. ಹುಚ್ಚಕ್ಕ ಕುರಿಗಳನ್ನು ಒಂದೊಂದಾಗಿ ಗೇಟಿನೊಳಕ್ಕೆ ಬಿಡುತ್ತ ಹೇಳುತ್ತ ಹೋದಳು: ಕೆಂಚಿ, ಬೋಳಿ, ಮೋಟುಗಿವಿ, ಗಂಗಕ್ಕ ಕೊಟ್ಟಿದ್ದು, ಕುಂಟಿ, ಕುಂಟಿಯ ಮಗಳು. ಗೇಟಿನವನು ಬರೆಯುತ್ತಿದ್ದ. ಕೊನೆಗೆ ಬಂದದ್ದು ಆ ದೊಡ್ಡ ಟಗರು. ಒಳಗೆ ಬರುತ್ತಲೇ ಅದು ಗೇಟಿಗೆ ಅಡ್ಡ ಹಾಕಿದ್ದ ಮುಳ್ಳುಕೊಂಬೆಗೆ ಬಾಯಿ ಹಾಕಿತು.

“ಇದು ನಾಗರಾಜಪ್ಪ.”

ಗೇಟಿನವನು ಪೆನ್ನು ಎತ್ತಿ, ಯಾವ ನಾಗರಾಜಪ್ಪ, ಕಂಟ್ರಾಕ್ಟರೋ ಅಂತ ಕೇಳಿದ.

“ಅಲ್ಲ,” ಅಂದಳು ಹುಚ್ಚಕ್ಕ. “ಇವನು ಬೇಲಿ ತಿಂದ್ರೂ ಹೊತ್ಕಂಡು ಹೋಗಲ್ಲ.”